ತಾಯಿಯನ್ನು ಹಾಡುವವರು ಯಾರು?

ಕನ್ನಡದಲ್ಲಿ ಕವಿ ಎನ್ನಿಸಿಕೊಂಡವರು ತಾಯಿಯ ಮೇಲೆ ಒಂದಾದರೂ ಪದ್ಯ ಬರೆಯದೆ ಬಿಟ್ಟಿರುವುದು ಕಡಿಮೆ. ಪ್ರೇಮದ ಗೊಡವೆಗೆ ಹೋಗದವರಿದ್ದಾರೆ, ದೇವರನ್ನು ದೂರ ಇಟ್ಟವರಿದ್ದಾರೆ, ತಾಯಿಯನ್ನು ಬಿಟ್ಟವರನ್ನು ಮಾತ್ರ ಹುಡುಕಬೇಕು. ಹೆತ್ತ ತಾಯಿಯ ಮೇಲಿನ ಪದ್ಯ ಮುಗಿಯಿತೆಂದರೆ ನಾಡತಾಯಿ ಇದ್ದಾಳೆ, ನುಡಿತಾಯಿ ಇದ್ದಾಳೆ, ಭೂತಾಯಿ ಇದ್ದಾಳೆ, ಗಂಗೆಯೂ ಗೋವೂ ತಾಯಂದಿರೇ. ಸರ್ಕಾರ 2004ರಲ್ಲಿ ನಾಡಗೀತೆಯೆಂದು ಅಂಗೀಕರಿಸಿದ ಕುವೆಂಪು ಅವರ ಹಾಡಿನಲ್ಲಿ ಕರ್ನಾಟಕವೇ ತಾಯಿ. ಆ ತಾಯಿಯೂ ಭಾರತವೆಂಬ ಇನ್ನೊಬ್ಬ ತಾಯಿಯ ಮಗಳು. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಅದನ್ನು ಹಾಡುವಾಗ, ಎಷ್ಟು ಸಲ ಕೇಳಿದ್ದರೂ, ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದ್ದರಿಂದ ತಾಯಿಯ ಪದ್ಯಗಳ ಮೇಲೆ ನನಗೇನೋ ಸಿಟ್ಟಿದೆ ಎಂದು ಯಾರೂ ತಿಳಿಯಬಾರದು.

ಆದರೂ ಒಂದು ಪ್ರಶ್ನೆ ಬಹಳ ದಿನದಿಂದ ನನ್ನನ್ನು ಕಾಡುತ್ತಿದೆ. ತಾಯಿಯನ್ನು ಇಷ್ಟೊಂದು ಹಾಡಿ ಹೊಗಳಿದ ನಾವು ಆ ಹಾಡಿನಿಂದ ಅವಳಿಗೆ ಏನು ಕೊಟ್ಟೆವು? ಆ ಹಾಡಿನ ಅಂಗಳದಿಂದ ಹೊರಗೆ ನಿಂತ ಹೆಂಗಸರಿಗೆ ಏನು ಮಾಡಿದೆವು?

ಹೊರಗೆ ನಿಂತವರೆಂದರೆ ಯಾರು ಎಂದು ಕೇಳುತ್ತೀರಿ. ನಾನೇ ಒಬ್ಬಳು. ನನಗೆ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಓದುತ್ತ ಓದುತ್ತ ನೀವೇ ಲೆಕ್ಕ ಹಾಕುತ್ತ ಕೂರುತ್ತೀರಿ. ದಾವಣಗೆರೆಯಲ್ಲಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಕನ್ನಡ ಪಾಠ ಹೇಳುತ್ತ 28 ವರ್ಷವಾಯಿತು. ಪಠ್ಯಪುಸ್ತಕ ಎಷ್ಟು ಸಲ ಬದಲಾದರೂ ತಾಯಿ ಮಾತ್ರ ಪದ್ಯಭಾಗದಲ್ಲೋ ಗದ್ಯಭಾಗದಲ್ಲೋ ಬಂದೇ ಬರುತ್ತಾಳೆ. ಮಾತೃತ್ವದ ಹಿರಿಮೆಯನ್ನು ವಿವರಿಸಿ, ಸಾರಾಂಶ ಬರೆಸಿ, ಅಂಕ ಹಾಕಿ ಮನೆಗೆ ಬರುತ್ತೇನೆ. ಅದೇ ವಾರ ಬೀದಿಯಲ್ಲಿ ಯಾರದೋ ಸೀಮಂತವಿದ್ದರೆ ಕರೆಯುತ್ತಾರೆ, ಹೋಗುತ್ತೇನೆ. ಬಸುರಿಗೆ ಆರತಿ ಎತ್ತುವ ಹೊತ್ತಿಗೆ ತಟ್ಟೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತದೆ. ಯಾರೂ ಏನೂ ಅನ್ನುವುದಿಲ್ಲ, ಯಾರ ಮುಖದಲ್ಲೂ ಕೆಡುಕಿಲ್ಲ. ತಟ್ಟೆ ಮಾತ್ರ ನನ್ನನ್ನು ದಾಟಿ ಮುಂದಿನವರ ಕೈಗೆ ಹೋಗುತ್ತದೆ. ಬೆಳಿಗ್ಗೆ ಓದಿದ ಪದ್ಯಕ್ಕೂ ಸಂಜೆಯ ಈ ತಟ್ಟೆಗೂ ನಂಟಿದೆಯೇ ಎಂಬುದೇ ನನ್ನ ಪ್ರಶ್ನೆ.

ನಾನು ಮೊದಲು ಗಮನಿಸಿದ್ದು, ತಾಯಿಯ ಪದ್ಯಗಳಲ್ಲಿ ಮಾತಾಡುವವರು ಹೆಚ್ಚಾಗಿ ಮಕ್ಕಳು, ಅದರಲ್ಲೂ ಗಂಡುಮಕ್ಕಳು ಎಂಬುದನ್ನು. ಮಗ ಬೆಳೆದಿರುತ್ತಾನೆ, ಓದಿರುತ್ತಾನೆ, ಊರು ಬಿಟ್ಟು ಬಂದಿರುತ್ತಾನೆ. ತಾಯಿ ದೂರದ ಊರಿನಲ್ಲಿರುತ್ತಾಳೆ, ಇಲ್ಲವೇ ತೀರಿಕೊಂಡಿರುತ್ತಾಳೆ. ಆಗ ಪದ್ಯ ಬರುತ್ತದೆ. ಅವಳು ಬೇಯಿಸಿದ್ದು, ಬಳಿದದ್ದು, ಉಪವಾಸ ಮಲಗಿದ್ದು ಎಲ್ಲ ಅದರಲ್ಲಿ ಇರುತ್ತದೆ, ಅವಳ ಮಾತೊಂದು ಇರುವುದಿಲ್ಲ. ಅವಳಿಗೆ ಆವತ್ತು ಬೇಸರವಾಗಿತ್ತೇ, ಒಲೆಯ ಮುಂದೆ ಕೂತು ಏನು ಯೋಚಿಸುತ್ತಿದ್ದಳು, ನಾಲ್ಕನೆಯದು ಹೊಟ್ಟೆಯಲ್ಲಿದೆ ಎಂದು ತಿಳಿದ ದಿನ ಖುಷಿಪಟ್ಟಳೋ ಹಣೆ ಚಚ್ಚಿಕೊಂಡಳೋ, ಇದು ಮಗನಿಗೆ ತಿಳಿಯದು. ತಿಳಿಯದ್ದನ್ನು ತುಂಬಲು ಅವನು 'ದೇವರು' ಎನ್ನುತ್ತಾನೆ. ದೇವರೆಂದ ಮೇಲೆ ಕೇಳುವ ಕೆಲಸವೇ ಇಲ್ಲವಲ್ಲ! ಗುಡಿಯ ಮುಂದೆ ನಿಂತು ನಮ್ಮ ಕಷ್ಟ ಹೇಳಿಕೊಳ್ಳುತ್ತೇವೆಯೇ ಹೊರತು, 'ನಿನಗೇನವ್ವಾ ಕಷ್ಟ?' ಎಂದು ದೇವಿಯನ್ನು ಕೇಳಿದವರುಂಟೇ?

ಒಳ್ಳೆಯ ಕವಿಗಳಿಗೆ ಈ ಅಪಾಯ ಗೊತ್ತಿತ್ತು. ಪಿ. ಲಂಕೇಶರ 'ಅವ್ವ' ಪದ್ಯ ಅನೇಕರು ಓದಿರುತ್ತೀರಿ. ಅವರು ತಮ್ಮ ಅವ್ವನನ್ನು ಪೀಠದ ಮೇಲೆ ಕೂರಿಸಲು ಒಪ್ಪಲಿಲ್ಲ. ಪುರಾಣದ ಪತಿವ್ರತೆಯರ ಹೆಸರು ಹಿಡಿದು, ಅವರ ಹಾಗಿನವಳಲ್ಲ ಎಂದರು. ಮಹಾತ್ಮರ ಹೆಂಡತಿಯರ ಹಾಗಿನವಳೂ ಅಲ್ಲ ಎಂದರು. ಹೊಟ್ಟೆಪಾಡಿಗಾಗಿ ಮೈಮುರಿದು ದುಡಿದ ಹಳ್ಳಿಯ ಹೆಂಗಸನ್ನು ಹಾಗೆಯೇ ನಿಲ್ಲಿಸಿದರು. ಮೊದಲ ಸಲ ಓದಿದಾಗ ನಮ್ಮ ಓಣಿಯ ಹತ್ತು ಮಂದಿ ಅಜ್ಜಿಯರು ಒಟ್ಟಿಗೇ ಎದ್ದು ಬಂದಂತಾಗಿತ್ತು. ಆದರೂ ಅಷ್ಟು ನಿಷ್ಠುರವಾಗಿ ಬರೆದ ಲಂಕೇಶರಿಗೂ ಅವ್ವನನ್ನು ನೆಲಕ್ಕೆ ಹೋಲಿಸದೆ ಮುಂದೆ ಹೋಗಲಾಗಲಿಲ್ಲ. ನೆಲ ದೊಡ್ಡದು, ನಿಜ. ಅದು ಕೊಡುತ್ತದೆ, ತಾಳುತ್ತದೆ. ಮಾತು ಮಾತ್ರ ಆಡುವುದಿಲ್ಲ.

ಬೇಂದ್ರೆಯವರದು ಇನ್ನೊಂದು ಬಗೆ. ತಾಯಿಯ ಹೆಸರನ್ನು ಮುಂದಿಟ್ಟುಕೊಂಡೇ ಬರೆದವರು ಅವರು; ಅಂಬಿಕಾತನಯದತ್ತ ಎಂದರೆ ಅಂಬಿಕೆಯ ಮಗ ದತ್ತ. ಮಗುವಿನ ಸಾವಿನ ಹಿನ್ನೆಲೆಯಲ್ಲಿ ಅವರು ಬರೆದ ಕವಿತೆಯೊಂದು ಧಾರವಾಡದ ಕಡೆ ಮಾತ್ರವಲ್ಲ, ಎಲ್ಲ ಕಡೆಯೂ ಜನರ ಬಾಯಲ್ಲಿದೆ. ಅದರಲ್ಲಿ ಗಂಡ ಹೆಂಡತಿಗೆ ಮಾತಾಡುತ್ತಾನೆ. ಅವಳು ಒಂದು ಮಾತೂ ಆಡುವುದಿಲ್ಲ, ಸುಮ್ಮನೆ ಅವನನ್ನು ನೋಡುತ್ತಾಳೆ. ಆ ನೋಟವನ್ನು ಅವನಿಂದ ತಡೆದುಕೊಳ್ಳಲು ಆಗುವುದಿಲ್ಲ. ಇಡೀ ಪದ್ಯ ಇರುವುದು ಅಷ್ಟೇ. ಇಲ್ಲಿಯೂ ತಾಯಿಗೆ ಮಾತಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ, ಆದರೆ ಈ ಮೌನ ಬೇರೆ. 'ನಿನ್ನ ದುಃಖ ನನಗೆ ಗೊತ್ತು' ಎಂದು ಕವಿ ಇಲ್ಲಿ ಹೇಳಿಕೊಳ್ಳುವುದಿಲ್ಲ. ಅದರ ಹತ್ತಿರ ಹೋಗಲು ತನಗೆ ಆಗುತ್ತಿಲ್ಲ ಎಂಬುದೇ ಅವನ ಸಂಕಟ. ತಾಯಿಯ ಮನಸ್ಸಿನ ಬಾಗಿಲಲ್ಲಿ ನಿಂತು, ಒಳಗೆ ಹೋಗಲಾರೆ ಎಂದ ಗಂಡಸಿನ ಪದ್ಯವದು. ನನಗೆ ಅದು ನೂರು ಹೊಗಳಿಕೆಗಿಂತ ದೊಡ್ಡ ಮರ್ಯಾದೆ ಅನ್ನಿಸುತ್ತದೆ.

ಇನ್ನು ಹೆಣ್ಣುಮಕ್ಕಳು ತಾಯಿಯ ಬಗ್ಗೆ ಬರೆದದ್ದನ್ನು ನೋಡಿ. ದನಿಯೇ ಬೇರೆ. ಸ. ಉಷಾ ಅವರು ತಾಯಿಯನ್ನು ಉದ್ದೇಶಿಸಿ ಬರೆದ ಒಂದು ಕವಿತೆಯನ್ನು ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ಅನುವಾದಿಸಿದರು, ಅದು ಹೊರನಾಡಿನವರಿಗೂ ಗೊತ್ತಾಯಿತು. ಅಲ್ಲಿ ಪ್ರಾಯಕ್ಕೆ ಬಂದ ಮಗಳು ತಾಯಿಯನ್ನು ಬೇಡಿಕೊಳ್ಳುತ್ತಾಳೆ: ನನಗೆ ಬರುವ ಬಿಸಿಲಿಗೆ ಅಡ್ಡ ನಿಲ್ಲಬೇಡ ಎಂದು. ಮಗನಿಗೆ ನೆರಳಾಗಿದ್ದ ಅದೇ ಸೆರಗು ಮಗಳಿಗೆ ಕತ್ತಲೆಯಾಗುತ್ತದೆ. ಇದನ್ನು ನಾನು ಮೇಲಿನ ತರಗತಿಯ ಹುಡುಗಿಯರಿಗೆ ಹೇಳಿದಾಗ ಇಡೀ ಕೋಣೆ ಒಂದು ಗಳಿಗೆ ನಿಶ್ಶಬ್ದವಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ನಿಟ್ಟುಸಿರು ಬಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ತಾಯಿಯ ಮೇಲಿನ ಪ್ರೀತಿಯಿಲ್ಲದ ನಿಟ್ಟುಸಿರಲ್ಲ. ಸಂಜೆ ಆರಾದರೆ ಹೊರಗೆ ಬಿಡದ, ಪಿಯುಸಿ ಆದ ಮೇಲೆ ಓದಿ ಏನಾಗಬೇಕು ಎನ್ನುವ, ತಾನು ಪಟ್ಟ ಪಾಡನ್ನೇ ಮಗಳಿಗೂ 'ಇದೇ ಹೆಣ್ಣಿನ ಬಾಳು' ಎಂದು ಒಪ್ಪಿಸುವ ತಾಯಿಯನ್ನು ಆ ಹುಡುಗಿ ದಿನಾ ನೋಡುತ್ತಾಳೆ. ಆ ತಾಯಿಯೂ ಪದ್ಯಕ್ಕೆ ಬರಬೇಕು.

ಹಾಗಾದರೆ ತಾಯಂದಿರೇ ಹಾಡಿದ ಹಾಡುಗಳಿಲ್ಲವೇ? ರಾಶಿ ರಾಶಿ ಇವೆ, ಬೀಸುವ ಕಲ್ಲಿನ ಪದಗಳಲ್ಲಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದ ಗೆಳೆಯರು ಸೇರಿ ಹೆಂಗಸರ ಬಾಯಿಂದ ಇಂಥ ಪದಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. ಹಾಡಿದವರ ಹೆಸರು ಉಳಿಯಲಿಲ್ಲ, ಹಾಡು ಉಳಿಯಿತು. ನಮ್ಮಜ್ಜಿ ಜೋಳ ಬೀಸುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಎದುರಿಗೆ ಸೋದರತ್ತೆ ಕೂತು ಗೂಟಕ್ಕೆ ಕೈ ಹಾಕುತ್ತಿದ್ದಳು. ಮೂರೇ ಸಾಲಿನ ಪದ, ಮೂರನೆಯ ಸಾಲು ಸ್ವಲ್ಪ ಮೊಟಕು. ಹಾಡುವಾಗ ಎರಡನೆಯ ಸಾಲಿನ ಒಂದು ತುಂಡನ್ನು ಮತ್ತೆ ಹೇಳಿ ಎಳೆಯುತ್ತಾರೆ. ಅಷ್ಟು ಹೊತ್ತಿಗೆ ಮುಂದಿನ ಪದ ನಾಲಿಗೆಗೆ ಬಂದಿರುತ್ತದೆ, ಕಲ್ಲು ನಿಲ್ಲುವುದಿಲ್ಲ. ತವರು, ತಮ್ಮ, ತೊಟ್ಟಿಲ ಕೂಸು, ಅತ್ತೆಯ ಕಾಟ ಎಲ್ಲ ಆ ಮೂರು ಸಾಲಿನಲ್ಲಿ ಹಿಟ್ಟಿನ ಜೊತೆ ಬೀಳುತ್ತಿತ್ತು. ಇಲ್ಲಿ ತಾಯಿ ದೇವರಲ್ಲ. ನಿದ್ದೆಗೆಟ್ಟವಳು, ಕೂಸಿಗೆ ದೃಷ್ಟಿಯಾದೀತೆಂದು ಹೆದರುವವಳು, ಕೂಸಿನ ನಗೆ ನೋಡಿ ಬಡತನ ಮರೆಯುವವಳು.

ತಾಯಿ ತಾನೇ ಬಾಯಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಅದೇ ಗರತಿಯರ ಹಾಡಿನಲ್ಲಿ ಮಕ್ಕಳಿಲ್ಲದವಳ ಮೇಲೆ ಬಂದಿರುವ ಪದಗಳಷ್ಟು ಕಠೋರವಾದವು ಯಾವ ಗಂಡು ಕವಿಯ ಕಾವ್ಯದಲ್ಲೂ ನನಗೆ ಸಿಕ್ಕಿಲ್ಲ. ಮಕ್ಕಳಿಲ್ಲದ ಹೆಣ್ಣಿನ ಬಾಳನ್ನು ಬಾಡಿಗೆಯ ಎತ್ತಿನ ದುಡಿಮೆಗೆ ಹೋಲಿಸಿದ ಒಂದು ತ್ರಿಪದಿ ಬಹಳ ಪ್ರಸಿದ್ಧ. ಇದನ್ನು ಕಲ್ಲಿನ ಮುಂದೆ ಕೂತ ಹೆಂಗಸೇ ಹಾಡಿದ್ದು. ಆ ಮನೆಯಲ್ಲಿ ಅಂಥವಳೊಬ್ಬಳು ಇದ್ದಿದ್ದರೆ ಗೂಟದ ಇನ್ನೊಂದು ಬದಿಗೆ ಅವಳೇ ಕೂತಿದ್ದಿರಬಹುದು! ಹಾಡು ಕೇಳುತ್ತ ಕಲ್ಲು ಎಳೆಯುತ್ತಿದ್ದಳೇನೋ ಪಾಪ.

ಆದರೆ ಈ ಪದವನ್ನು ಇನ್ನೊಂದು ಬಗೆಯಲ್ಲೂ ಕೇಳಬಹುದು. ಹಾಡಿದವಳು ಆ ಮಕ್ಕಳಿಲ್ಲದವಳೇ ಆಗಿದ್ದರೆ? ಬಾಡಿಗೆಯ ಎತ್ತು ಎಂದರೇನು? ಉಳುವಾಗ ಬೇಕು, ಬೆಳೆ ಬಂದಾಗ ಅದರ ಪಾಲಿಲ್ಲ. ಮನೆಗೆ ಬೇಕಾದಷ್ಟು ದುಡಿಸಿಕೊಂಡು, 'ನಿನ್ನದು ಇಲ್ಲಿ ಏನಿದೆ?' ಎಂದು ಕೇಳುವ ಮನೆಯ ಮೇಲಿನ ದೂರು ಅದು. ಆಗ ಅದು ವಿಧಿಯನ್ನು ಹಳಿದ ಹಾಡಾಗುವುದಿಲ್ಲ, ಕೂಲಿ ಕೇಳಿದ ಹಾಡಾಗುತ್ತದೆ. ಒಂದೇ ಪದ, ಯಾರ ಬಾಯಲ್ಲಿ ಬಂತು ಎಂಬುದರ ಮೇಲೆ ಶಾಪವೂ ಆಗುತ್ತದೆ, ನ್ಯಾಯ ಕೇಳುವುದೂ ಆಗುತ್ತದೆ.

ವ್ಯಾಕರಣ ಹೇಳುವವಳಾಗಿ ಇನ್ನೊಂದು ಮಾತು. 'ಬಂಜೆ' ಎಂಬ ಪದಕ್ಕೆ ಪುಲ್ಲಿಂಗ ಬರೆಯಿರಿ ಎಂದರೆ ಮಕ್ಕಳು ಏನು ಬರೆದಾರು? ದಿನಬಳಕೆಯ ಮಾತಿನಲ್ಲಿ ಅದಕ್ಕೆ ಗಂಡಿನ ರೂಪವೇ ಇಲ್ಲ. ಮಕ್ಕಳಾಗದಿರಲು ಕಾರಣ ಗಂಡಸಿನಲ್ಲೂ ಇರಬಹುದೆಂದು ಡಾಕ್ಟರರು ಹೇಳುತ್ತ ಎಷ್ಟೋ ಕಾಲವಾಯಿತು. ಅಶ್ವತ್ಥಕಟ್ಟೆ ಸುತ್ತುವವರು, ನಾಗರಕಲ್ಲಿಗೆ ಹಾಲೆರೆಯುವವರು, ಹರಕೆ ಹೊರುವವರು ಈಗಲೂ ಹೆಂಗಸರೇ.

ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಹೆಣ್ಣು ಹೆಣ್ಣೆಂದು ಹೀಗಳೆಯುವವರಿಗೆ ಅವಳು ಕೊಟ್ಟ ಉತ್ತರ ನಮಗೆಲ್ಲ ಗೊತ್ತು: ನಿಮ್ಮನ್ನು ಹಡೆದವಳೂ ಹೆಣ್ಣೇ ಅಲ್ಲವೇ ಎಂದು. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಎದೆಗಾರಿಕೆ! ನಾನು ಅದನ್ನು ಪಾಠ ಮಾಡುವಾಗ ದನಿ ಏರಿಸಿಯೇ ಹೇಳುತ್ತೇನೆ. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಉಳಿಯುತ್ತದೆ. ಹಡೆದದ್ದಕ್ಕಾಗಿ ಹೆಣ್ಣಿಗೆ ಮರ್ಯಾದೆ ಎಂದರೆ, ಹಡೆಯದವಳಿಗೆ? ಹೊನ್ನಮ್ಮ ತನ್ನ ಕಾಲದ ಗಂಡಸರ ಬಾಯಿ ಮುಚ್ಚಿಸಲು ಕೈಗೆ ಸಿಕ್ಕ ಗಟ್ಟಿ ಕಲ್ಲನ್ನೇ ಎತ್ತಿಕೊಂಡಳು. ಮುನ್ನೂರು ವರ್ಷವಾದ ಮೇಲೂ ನಾವು ಅದೇ ಕಲ್ಲನ್ನು ಹಿಡಿದಿದ್ದೇವೆ. ಹೆಣ್ಣನ್ನು ಗೌರವಿಸಿ, ಅವಳು ತಾಯಿಯಾಗುವವಳು ಎಂದು ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಈಗಲೂ ಕೇಳುತ್ತೇವೆ.

ಹನ್ನೆರಡನೆಯ ಶತಮಾನದ ಶರಣರು ಇದಕ್ಕಿಂತ ಒಂದು ಹೆಜ್ಜೆ ಮುಂದಿದ್ದರು ಅನ್ನಿಸುತ್ತದೆ. ಉಡುತಡಿಯ ಮಹಾದೇವಿ ಮನೆ ಮಾರು ಬಿಟ್ಟು ಹೊರಟವಳು, ಯಾರಿಗೂ ತಾಯಿಯಾದವಳಲ್ಲ. ವಯಸ್ಸಿನಲ್ಲಿ ಹಿರಿಯರೂ ಅವಳನ್ನು ಕರೆದದ್ದು 'ಅಕ್ಕ' ಎಂದು. ನಮ್ಮ ಸೀಮೆಯಲ್ಲೇ, ಮಲೇಬೆನ್ನೂರಿನ ಹತ್ತಿರದ ಹೆಳವನಕಟ್ಟೆ ರಂಗನಾಥನ ಹೆಸರಿನಲ್ಲಿ ಹಾಡು ಕಟ್ಟಿದ ಗಿರಿಯಮ್ಮ ಸಂಸಾರ ನಡೆಸದೆ ಗಂಡನಿಗೆ ಬೇರೆ ಮದುವೆ ಮಾಡಿಸಿದಳೆಂಬ ಪ್ರತೀತಿ ಇದೆ. ಅವಳ ಚಂದ್ರಹಾಸನ ಕಥೆ, ಉದ್ದಾಲಕನ ಕಥೆಗಳನ್ನು ಹೆಂಗಸರು ತಲೆಮಾರುಗಳ ಕಾಲ ಬಾಯಿಪಾಠ ಮಾಡಿ ಹಾಡಿದರು. ಅವಳಿಗೆ ಮಕ್ಕಳಿದ್ದವೇ ಎಂದು ಹಾಡುವವರು ಕೇಳಲಿಲ್ಲ.

ಈ ಮಾತನ್ನೆಲ್ಲ ಒಮ್ಮೆ ನಮ್ಮಕ್ಕನ ಮುಂದೆ ಹೇಳಿದೆ. ಅವಳು ಮೂರು ಮಕ್ಕಳ ತಾಯಿ. ಹುಣಸೆಹಣ್ಣು ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆ, "ನಿನಗೆ ಗೊತ್ತಾಗಲ್ಲ ಬಿಡೇ. ಹೆತ್ತಿದ್ರೆ ಗೊತ್ತಾಗ್ತಿತ್ತು. ನಮಗೆ ಸಿಗೋದೇ ಒಂದಿಷ್ಟು ಹೊಗಳಿಕೆ, ಅದನ್ನೂ ಕಿತ್ಕೋಬೇಕಾ?" ಎಂದಳು.

ನನಗೆ ನೋವಾಯಿತು, ಆದರೆ ಅವಳ ಮಾತಿನಲ್ಲಿ ನಿಜವೂ ಇತ್ತು. ಮೂವರನ್ನು ಸಾಕಿ, ಅತ್ತೆಯ ಹೇಲು ಉಚ್ಚೆ ಬಳಿದು, ಈಗ ಮೊಮ್ಮಗನ ಹಿಂದೆ ಓಡುವ ಹೆಂಗಸಿಗೆ ಯಾರು ಸಂಬಳ ಕೊಟ್ಟರು, ಯಾರು ಪಿಂಚಣಿ ಕೊಡುತ್ತಾರೆ? ಒಂದು ಪದ್ಯ, ವರ್ಷಕ್ಕೊಂದು ತಾಯಂದಿರ ದಿನ, ಫೋನಿನಲ್ಲಿ ಬರುವ ಗುಲಾಬಿ ಹೂವಿನ ಚಿತ್ರ, ಇಷ್ಟೇ. ಅದನ್ನು ಕಿತ್ತುಕೊಳ್ಳುವುದು ಬೇಡ. ಆದರೆ ಅಕ್ಕಾ, ಕೂಲಿಯ ಬದಲಿಗೆ ಹೊಗಳಿಕೆ ಕೊಟ್ಟವರ ಲೆಕ್ಕವನ್ನು ನಾವು ಸರಿ ಎಂದು ಒಪ್ಪಬೇಕೆ?

ಇನ್ನು ಹೆತ್ತರೆ ಮಾತ್ರ ಗೊತ್ತಾಗುತ್ತದೆ ಎಂಬ ಮಾತು. ಹಾಗಾದರೆ ದಾಸರ ಹಾಡುಗಳನ್ನು ಏನು ಮಾಡೋಣ? ಪುರಂದರದಾಸರು ಮೀಸೆ ಹೊತ್ತ ಗಂಡಸು. ಕೃಷ್ಣನನ್ನು ಎತ್ತಿ ಆಡಿಸುವ, ಗದರುವ, ಹುಡುಕುವ ಯಶೋದೆಯ ಜೀವವನ್ನು ಅವರು ಹಾಡಿಗೆ ತಂದ ಹಾಗೆ ಯಾವ ಹೆತ್ತವಳು ತಂದಾಳು? ಅದಕ್ಕಿಂತ ದೊಡ್ಡದಾಗಿ, ಆ ಯಶೋದೆ ಯಾರು? ಕೃಷ್ಣನನ್ನು ಹೆತ್ತವಳು ದೇವಕಿ. ಯಶೋದೆ ಸಾಕಿದವಳು. ನಮ್ಮ ನಾಡಿನ ಹಾಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮೆರೆದ ತಾಯಿ ಆ ಮಗುವನ್ನು ಹೆತ್ತವಳೇ ಅಲ್ಲ! ಅದು ತನ್ನದಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ, ಒಪ್ಪಿದೆ. ಗೊತ್ತಿದ್ದರೆ ಬೆಣ್ಣೆ ಕಡಿಮೆ ಹಾಕುತ್ತಿದ್ದಳೇ?

ಇಲ್ಲಿ ಒಂದು ಎಚ್ಚರವೂ ಬೇಕು. ಮಕ್ಕಳಿಲ್ಲದವಳನ್ನು ಹೊಗಳಬೇಕಾದಾಗ ನಾವು ಅವಳನ್ನೂ ಹೇಗಾದರೂ ಮಾಡಿ ತಾಯಿ ಮಾಡಿಬಿಡುತ್ತೇವೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಮಕ್ಕಳಿಲ್ಲದ ಕೂಲಿ ಹೆಂಗಸು. ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ 385 ಮರ ಬೆಳೆಸಿದಳು. 2019ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡಳು. ಜನ ಅವಳನ್ನು ವೃಕ್ಷಮಾತೆ ಎಂದರು. ಮರಗಳನ್ನು ತನ್ನ ಮಕ್ಕಳೆಂದು ಅವಳೇ ಹೇಳಿಕೊಂಡಳು, ಅದು ಅವಳ ಹಕ್ಕು. ಆದರೆ ನೀರು ಹೊತ್ತದ್ದು ಇಬ್ಬರೂ. ಚಿಕ್ಕಯ್ಯನನ್ನು ಯಾರೂ ವೃಕ್ಷಪಿತ ಎನ್ನಲಿಲ್ಲ, ಅವನಿಗೆ ಅದರ ಅಗತ್ಯವೂ ಬೀಳಲಿಲ್ಲ. ಹೆಣ್ಣು ಮಾಡಿದ ಕೆಲಸ ಕೆಲಸವಾಗಿಯೇ ದೊಡ್ಡದು ಎನ್ನಲು ನಮ್ಮ ನಾಲಿಗೆ ಏಕೆ ಏಳುವುದಿಲ್ಲವೋ. ನನಗೂ ಬೀಳ್ಕೊಡುಗೆ ಸಮಾರಂಭಗಳಲ್ಲಿ 'ಸಾವಿರಾರು ಮಕ್ಕಳ ತಾಯಿ' ಎನ್ನುತ್ತಾರೆ. ಪ್ರೀತಿಯಿಂದ ಅನ್ನುತ್ತಾರೆ, ಕೈಮುಗಿಯುತ್ತೇನೆ. ಆದರೆ ನಾನು ಅವರಿಗೆ ಕಲಿಸಿದ್ದು ಸಂಧಿ, ಸಮಾಸ, ಷಟ್ಪದಿ. ಕಲಿಸಿದವಳು ಎಂದರೂ ಸಾಕಾಗಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಪರೀಕ್ಷೆಯಲ್ಲಿ 'ನನ್ನ ತಾಯಿ' ಎಂದು ಪ್ರಬಂಧ ಬಂದಿತ್ತು. ಉತ್ತರಪತ್ರಿಕೆ ತಿದ್ದಲು ಕೂತೆ. ಎಲ್ಲರೂ ಗೈಡಿನಿಂದ ಒಂದೇ ಅಚ್ಚು ಒತ್ತಿದ್ದರು: ತಾಯಿ ದೇವರ ಸಮಾನ, ತ್ಯಾಗಮೂರ್ತಿ, ಕ್ಷಮಯಾ ಧರಿತ್ರಿ. ಯಾವ ತಾಯಿಗೂ ಮುಖವಿಲ್ಲ. ಒಂದು ಪತ್ರಿಕೆ ಮಾತ್ರ ಬೇರೆ ಇತ್ತು. ಆ ಹುಡುಗಿಯ ತಾಯಿ ಅವಳು ಎರಡನೆಯ ತರಗತಿಯಲ್ಲಿದ್ದಾಗಲೇ ತೀರಿಕೊಂಡಿದ್ದಳು, ದೊಡ್ಡವ್ವ ತಂದು ಸಾಕಿದ್ದಳು. ಹುಡುಗಿ ದೊಡ್ಡವ್ವನ ಮೇಲೆಯೇ ಬರೆದಿದ್ದಳು. ನಸುಕಿನಲ್ಲಿ ಎದ್ದು ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋಗುತ್ತಾಳೆ, ಬಂದಾಗ ಕೂದಲಲ್ಲಿ ಹೊಗೆಯ ವಾಸನೆ ಇರುತ್ತದೆ. ನಾನು ಗಣಿತದಲ್ಲಿ ಫೇಲಾದಾಗ ಹೊಡೆದಳು, ಆಮೇಲೆ ತಾನೇ ಅತ್ತಳು. ತನ್ನ ಮಗಳಿಗೂ ನನಗೂ ಒಂದೇ ಬಟ್ಟೆಯಲ್ಲಿ ಲಂಗ ಹೊಲಿಸುತ್ತಾಳೆ, ನನಗೆ ಸ್ವಲ್ಪ ಉದ್ದ, ನಾನು ಎತ್ತರ. ನಾನು ಅವಳನ್ನು ಅವ್ವ ಎಂದು ಕರೆಯುವುದಿಲ್ಲ, ಕರೆದರೆ ಅವಳಿಗೆ ತಂಗಿಯ ನೆನಪಾಗುತ್ತದೆ. ಇಷ್ಟೇ ಬರೆದಿದ್ದಳು. ದೇವರೂ ಇಲ್ಲ, ತ್ಯಾಗವೂ ಇಲ್ಲ. 5ಕ್ಕೆ 5 ಹಾಕಿದೆ. ಕಾಗುಣಿತದ ತಪ್ಪುಗಳಿದ್ದವು, ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಮಾತ್ರ ಕಳೆಯಲಿಲ್ಲ.

ಆ ಪತ್ರಿಕೆ ಓದಿದ ಮೇಲೆ ನನಗೆ ಗೋವಿನ ಹಾಡು ಬೇರೆ ರೀತಿ ಕೇಳಿಸತೊಡಗಿತು. ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಕನ್ನಡದ ಮಗು ಉಂಟೇ? ಹಸಿದ ಹುಲಿಯ ಬಾಯಿಗೆ ಸಿಕ್ಕ ಹಸು, ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಮಾತು ಕೊಟ್ಟು ದೊಡ್ಡಿಗೆ ಬರುತ್ತದೆ, ಕೊಟ್ಟ ಮಾತಿನಂತೆ ಮರಳಿ ಹೋಗುತ್ತದೆ. ಸತ್ಯ ಹೇಳಬೇಕು ಎಂಬ ನೀತಿಗಾಗಿ ಇದನ್ನು ಕಲಿಸುತ್ತೇವೆ. ಆದರೆ ಇದು ತಾಯಿಯೇ ಬಾಯಿಬಿಟ್ಟು ಮಾತಾಡುವ ಹಾಡು ಎಂಬುದನ್ನು ಗಮನಿಸಿದ್ದೀರಾ? ಕರು ತಬ್ಬಲಿಯಾಗುವ ಹೊತ್ತಿನಲ್ಲಿ ಅವಳು ದೇವರನ್ನು ಕರೆಯುವುದಿಲ್ಲ. ದೊಡ್ಡಿಯ ಉಳಿದ ಹಸುಗಳನ್ನು ಕರೆಯುತ್ತಾಳೆ. ಅಕ್ಕತಂಗಿಯರಂತೆ ಅವರನ್ನು ಮಾತಾಡಿಸಿ, ನನ್ನ ಕಂದನನ್ನು ಹಾಯಬೇಡಿ, ಒದೆಯಬೇಡಿ, ನಿಮ್ಮದರ ಹಾಗೆ ನೋಡಿಕೊಳ್ಳಿ ಎಂದು ಕೇಳಿಕೊಳ್ಳುತ್ತಾಳೆ. ತಾಯ್ತನವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಹೋಗಬಹುದು ಎಂದು ಆ ಹಸುವಿಗೆ ಗೊತ್ತಿತ್ತು. ಅದು ಬರೀ ರಕ್ತದಲ್ಲಿದ್ದರೆ ಒಪ್ಪಿಸುವುದಾದರೂ ಹೇಗೆ? ಅದು ದಿನದಿನವೂ ಮಾಡುವ ಕೆಲಸ. ಮೇಯಿಸುವುದು, ಒದೆಯದಿರುವುದು, ಪಕ್ಕದಲ್ಲಿ ಮಲಗಲು ಜಾಗ ಬಿಡುವುದು. ಹೆತ್ತವಳಿಗೆ ಅದು ತಾನೇ ಬರುತ್ತದೆ ಎನ್ನುವುದೂ ಸುಳ್ಳು, ಹೆರದವಳಿಗೆ ಬರುವುದೇ ಇಲ್ಲ ಎನ್ನುವುದೂ ಸುಳ್ಳು.

ಹಾಡಿನಲ್ಲಿ ಹುಲಿಯ ಮನಸ್ಸು ಕರಗಿತು, ಪ್ರಾಣ ಬಿಟ್ಟಿತು, ಪುಣ್ಯಕೋಟಿ ಮನೆಗೆ ಬಂದಳು. ಒಳ್ಳೆಯದಾಯಿತು. ಆದರೆ ಅದರಿಂದ ಆ ಉಳಿದ ಹಸುಗಳ ಪರೀಕ್ಷೆ ನಡೆಯಲೇ ಇಲ್ಲ, ಅವುಗಳ ಕಥೆಯೂ ಅಲ್ಲಿಗೇ ನಿಂತಿತು. ನಮ್ಮ ಊರುಗಳಲ್ಲಿ ಹುಲಿ ಹಾಗೆ ಸಾಯುವುದಿಲ್ಲ. ತಾಯಿ ಹೋಗೇಬಿಡುತ್ತಾಳೆ, ಕರು ದೊಡ್ಡಿಯಲ್ಲಿ ಉಳಿಯುತ್ತದೆ. ಆಗ ದೊಡ್ಡವ್ವಂದಿರು, ಚಿಕ್ಕವ್ವಂದಿರು, ಅಜ್ಜಿಯರು, ಅಂಗನವಾಡಿಯವರು, ಹಾಸ್ಟೆಲಿನ ಅಡುಗೆಯವರು ಮುಂದೆ ಬರುತ್ತಾರೆ. ಕೆಲವರು ಒದೆಯುತ್ತಾರೆ, ಹಲವರು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ.

ನಮ್ಮ ಕನ್ನಡದ ಮಾತಿಗೆ ಇದೆಲ್ಲ ಮೊದಲೇ ಗೊತ್ತಿತ್ತೇನೋ. ಸಂತೆಯಲ್ಲಿ ಸೊಪ್ಪು ಮಾರುವವನು "ಏನು ಬೇಕವ್ವಾ?" ಎನ್ನುತ್ತಾನೆ, ನನಗೆ ಎಷ್ಟು ಮಕ್ಕಳೆಂದು ಕೇಳಿ ಹೇಳುವುದಿಲ್ಲ. ಎರಡು ವರ್ಷದ ಹೆಣ್ಣುಕೂಸನ್ನು ಅದರ ತಾಯಿಯೇ "ಬಾರವ್ವ, ಉಣ್ಣು ನನ್ನವ್ವ" ಎಂದು ರಮಿಸುತ್ತಾಳೆ. ಅವ್ವ ಎಂಬ ಮಾತು ಹೆರುವುದಕ್ಕೆ ಎಷ್ಟೋ ಮೊದಲೇ ನಮಗೆ ಬಂದಿರುತ್ತದೆ, ಹೆರದಿದ್ದರೂ ಬಿಟ್ಟುಹೋಗುವುದಿಲ್ಲ. ಮಾತಿಗಿರುವ ಈ ದೊಡ್ಡ ಮನಸ್ಸು ಪದ್ಯಕ್ಕೂ ಬರಲಿ, ಆರತಿ ತಟ್ಟೆಗೂ ಬರಲಿ.

ಆದ್ದರಿಂದ ತಾಯಿಯನ್ನು ಹಾಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಾಡಿ, ಆದರೆ ಅವಳಿಗೂ ಒಂದು ಮಾತು ಆಡಲು ಬಿಡಿ; ಅವಳಿಗೆ ದಣಿವಾಗಲಿ, ಸಿಟ್ಟು ಬರಲಿ, ಕೂಲಿ ಕೇಳಲಿ. ಪುಣ್ಯಕೋಟಿಯನ್ನು ಹಾಡಿದ್ದಾಯಿತು, ಇನ್ನಷ್ಟು ಹಾಡಲಿ. ಆ ದೊಡ್ಡಿಯಲ್ಲಿ ಉಳಿದ ಹಸುಗಳ ಮೇಲೂ ಯಾರಾದರೂ ಹೆಣ್ಣುಮಗಳು ಒಂದು ಹಾಡು ಕಟ್ಟಿಯಾಳು. ನನ್ನ ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆ. ಅಷ್ಟರೊಳಗೆ ಬಂದರೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ತಡವಾದರೆ ಮನೆಯಲ್ಲೇ ಕೂತು ಓದಿಕೊಳ್ಳುತ್ತೇನೆ.